ಅಂಗಳದ ಸಸಿಮಡಿ
(ಮಲೆನಾಡಿನ ಹಳ್ಳಿಯೊಂದರ ಶಾಲೆಯಲ್ಲಿ ಏರ್ಪಟ್ಟಿದ್ದ ಬೀಜ ವಿನಿಮಯ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಕಾಡು, ನದಿ, ಗಣಿಗಾರಿಕೆಗಳ ಕುರಿತು ಚರ್ಚಿಸುವ ವೇದಿಕೆಯಲ್ಲಿ ಟೊಮೆಟೊ ಮತ್ತು ಮೆಣಸಿನ ಸಸಿಗಳ ಬಗ್ಗೆ ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕೇಳಿದಾಗ ನನಗೂ ಅಚ್ಚರಿಯಾಯಿತು. ಯೋಚಿಸಿದಂತೆಲ್ಲ ಈ ಸಣ್ಣ ವಿಷಯ ಅಷ್ಟು ಸಣ್ಣದಲ್ಲವೆಂದು ತೋರಿತು. ಕಾಡನ್ನು ಉಳಿಸಬೇಕೆನ್ನುವ ನಾವು ಮನೆಯ ಹಿತ್ತಿಲಿನ ಒಂದು ಮೆಣಸಿನ ತಳಿಯನ್ನು ಉಳಿಸಿಕೊಳ್ಳಲಾರದೆ ಹೋದರೆ ನಮ್ಮ ಮಾತಿಗೆ ಬೆಲೆಯೆಲ್ಲಿ?

ನನ್ನ ಮನೆಯ ಕಥೆಯಿಂದಲೇ ಆರಂಭಿಸುತ್ತೇನೆ. ನಮ್ಮ ಅಮ್ಮನ ಕಾಲದಲ್ಲಿ ಹಿತ್ತಿಲಿನಲ್ಲಿ ಗಿಡ್ಡನೆಯ, ದಪ್ಪ ಸಿಪ್ಪೆಯ ಒಂದು ಮೆಣಸಿನಕಾಯಿ ಬೆಳೆಯುತ್ತಿತ್ತು. ಅದಕ್ಕೆ ಹೆಸರಿರಲಿಲ್ಲ, 'ನಮ್ಮನೆ ಮೆಣಸು' ಎನ್ನುತ್ತಿದ್ದೆವು. ಒಂದು ವರ್ಷ ನವರಾತ್ರಿಯ ಸಮಯದಲ್ಲಿ ಊರಿಗೆ ಬಂದ ಗಾಡಿಯಿಂದ ಟೊಮೆಟೊ, ಮೆಣಸು ಎರಡರ ಸಸಿಗಳನ್ನೂ ಕೊಂಡೆವು. ಪ್ಲಾಸ್ಟಿಕ್ ಪ್ರೊಟ್ರೇಗಳಲ್ಲಿ ಒಂದೇ ಎತ್ತರಕ್ಕೆ ನಿಂತಿದ್ದ ಅಂದದ ಸಸಿಗಳು. ಮರುವರ್ಷವೂ ಕೊಂಡೆವು, ಅದರ ಮರುವರ್ಷವೂ ಕೊಂಡೆವು. ಮೂರನೆಯ ವರ್ಷ ಕಾಯಿಬಿಡುವ ಹೊತ್ತಿಗೆ ಟೊಮೆಟೊ ಗಿಡಗಳು ಹಸುರಾಗಿರುವಾಗಲೇ ಬಾಡಿ ನಿಂತವು. ಅದು ದುಂಡಾಣು ಸೊರಗು ರೋಗ. ರೋಗವು ಕೊಂಡ ಸಸಿಗಳ ಬೇರಿನ ಮಣ್ಣಿನೊಂದಿಗೇ ಬಂದಿತೆಂದು ಪ್ರಮಾಣ ಮಾಡಿ ಹೇಳಲಾರೆ. ಹರಿವ ನೀರಿನಲ್ಲಿಯೂ, ಹಾರೆ ಗುದ್ದಲಿಗಳಲ್ಲಿಯೂ ಅದು ಬರುತ್ತದೆ. ಆದರೆ ಸಸಿಯ ವ್ಯಾಪಾರ ಬಿಟ್ಟು ನಮ್ಮ ಮೆಣಸಿಗೆ ಮರಳೋಣವೆಂದು ಅಮ್ಮ ಇಟ್ಟಿದ್ದ ಶೀಶೆಯನ್ನು ತೆಗೆದು ಬಿತ್ತಿದಾಗ ಒಂದು ಬೀಜವೂ ಮೊಳೆಯಲಿಲ್ಲ. ನಮ್ಮ ಥಂಡಿ ಹವೆಯಲ್ಲಿ ಮೆಣಸಿನ ಬೀಜದ ಜೀವ ಎರಡು ವರ್ಷ ನಿಂತರೆ ಹೆಚ್ಚು. ತಳಿಯನ್ನು ಯಾರೂ ನಮ್ಮಿಂದ ಕಸಿದುಕೊಳ್ಳಲಿಲ್ಲ. ನಾವೇ ಬಿತ್ತುವುದನ್ನು ನಿಲ್ಲಿಸಿದೆವು, ಅಷ್ಟೆ.

ಈ ಎರಡು ಬೆಳೆಗಳೂ ನಮ್ಮ ನೆಲದವಲ್ಲ ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಟೊಮೆಟೊದ ಕಾಡು ಬಂಧುಗಳು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಸೀಮೆಯವು. ಇಂದು ನಾವು ಬೆಳೆಯುವ ಮೆಣಸಿನಕಾಯಿಯ ತವರು ಮೆಕ್ಸಿಕೊ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ ನಂತರ ಪೋರ್ಚುಗೀಸರ ಹಡಗುಗಳ ಮೂಲಕ ಮೆಣಸಿನಕಾಯಿ ನಮ್ಮ ಕರಾವಳಿಯನ್ನು ಸೇರಿತು. ಅದಕ್ಕೆ ಮುನ್ನ ನಮ್ಮ ಅಡುಗೆಯ ಖಾರವೆಂದರೆ ಈ ಘಟ್ಟಗಳಲ್ಲೇ ಹುಟ್ಟಿದ ಕಾಳುಮೆಣಸು. ಹೊಸದಾಗಿ ಬಂದ ಕಾಯಿಗೆ ನಮ್ಮವರು ಹಳೆಯ ಮೆಣಸಿನ ಹೆಸರನ್ನೇ ಕೊಟ್ಟರು. ಆದರೆ ಕುಲದಲ್ಲಿ ಅವೆರಡಕ್ಕೂ ನಂಟಿಲ್ಲ. ಟೊಮೆಟೊವನ್ನು ಕೆಲವೆಡೆ ಹಳಬರು 'ಚಪ್ಪರಬದನೆ' ಎಂದು ಕರೆದರು. ಅದು ಸರಿಯಾದ ಹೆಸರು. ಟೊಮೆಟೊ, ಮೆಣಸಿನಕಾಯಿ, ಬದನೆ, ಆಲೂಗಡ್ಡೆ ಇವೆಲ್ಲ ಒಂದೇ ಕುಟುಂಬ. ಒಂದಕ್ಕೆ ತಗಲಿದ ಸೊರಗು ರೋಗ ಉಳಿದವನ್ನೂ ಬಿಡುವುದಿಲ್ಲ. ಈ ನೆಂಟಸ್ತಿಕೆಯನ್ನು ನೆನಪಿಟ್ಟುಕೊಂಡರೆ ಮುಂದೆ ಹೇಳುವ ಅರ್ಧ ಮಾತು ತಾನಾಗಿಯೇ ತಿಳಿಯುತ್ತದೆ.

ಈಗ ಕೆಲಸದ ಮಾತಿಗೆ ಬರೋಣ. ಬಯಲುಸೀಮೆಯ ಕ್ರಮವನ್ನು ಹಾಗೆಯೇ ಮಲೆನಾಡಿಗೆ ತಂದರೆ ಫಲ ಸಿಗದು. ಜೂನ್‌ನಿಂದ ಆಗಸ್ಟ್‌ವರೆಗಿನ ಜಡಿಮಳೆಯಲ್ಲಿ ತೆರೆದ ಹಿತ್ತಿಲಿನ ಟೊಮೆಟೊ ಬದುಕುವುದು ಕಷ್ಟ. ನಮ್ಮ ಹಂಗಾಮು ಮಳೆ ಹಿಂದೆಗೆಯುವಾಗ ತೊಡಗುತ್ತದೆ. ಮೆಣಸಿನ ಬೀಜ ಮೊಳೆಯಲು ಎಂಟರಿಂದ ಹದಿನಾಲ್ಕು ದಿನ ಬೇಕು, ಸಸಿ ನಾಟಿಗೆ ಬರಲು 40ರಿಂದ 45 ದಿನ. ಟೊಮೆಟೊ ವಾರದೊಳಗೆ ಮೊಳೆತು 25ರಿಂದ 30 ದಿನಕ್ಕೆ ನಾಟಿಗೆ ಸಿದ್ಧವಾಗುತ್ತದೆ. ಆದುದರಿಂದ ಎರಡನ್ನೂ ಒಂದೇ ದಿನ ಬಿತ್ತಬಾರದು. ಸೆಪ್ಟೆಂಬರ್ ನಡುವೆ ಉತ್ತರೆ ಮಳೆ ಹುಟ್ಟಿದಾಗ ಮೆಣಸನ್ನೂ, ತಿಂಗಳ ಕೊನೆಗೆ ಹಸ್ತ ಮಳೆ ಹುಟ್ಟಿದಾಗ ಟೊಮೆಟೊವನ್ನೂ ಬಿತ್ತಿದರೆ, ಸ್ವಾತಿ ಮಳೆಯ ಹೊತ್ತಿಗೆ, ಅಂದರೆ ಅಕ್ಟೋಬರ್ ಕೊನೆಯಲ್ಲಿ, ಎರಡೂ ಒಟ್ಟಿಗೆ ನಾಟಿಗೆ ಬರುತ್ತವೆ. ಆ ವೇಳೆಗೆ ಮಳೆಯ ಅಬ್ಬರ ಇಳಿದಿರುತ್ತದೆ, ನೆಲದಲ್ಲಿ ಹಸಿ ಉಳಿದಿರುತ್ತದೆ.

ಬಿತ್ತನೆ ಸೆಪ್ಟೆಂಬರ್‌ನಲ್ಲಾದರೂ ಮಣ್ಣಿನ ಸಿದ್ಧತೆ ಬೇಸಿಗೆಯಲ್ಲೇ ಮುಗಿದಿರಬೇಕು. ಬದನೆಯ ಕುಟುಂಬದ ಯಾವ ಬೆಳೆಯನ್ನೂ ಬೆಳೆಯದ ಜಾಗದ ಮೇಲ್ಮಣ್ಣು, ಪೂರ್ಣ ಕಳಿತ ಕೊಟ್ಟಿಗೆ ಗೊಬ್ಬರ, ಮರಳು ಇವುಗಳನ್ನು ಸಮಪಾಲಿನಲ್ಲಿ ಬೆರೆಸಿ ಜರಡಿ ಹಿಡಿಯಿರಿ. ಏಪ್ರಿಲ್–ಮೇ ತಿಂಗಳುಗಳಲ್ಲಿ ಅದಕ್ಕೆ ನೀರು ಚಿಮುಕಿಸಿ, ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ನಾಲ್ಕರಿಂದ ಆರು ವಾರ ಬಿಸಿಲಿಗೆ ಬಿಡಿ. ಒಳಗಿನ ಕಾವಿಗೆ ರೋಗಾಣುಗಳೂ ಕಳೆಯ ಬೀಜಗಳೂ ಬಹುಮಟ್ಟಿಗೆ ಸಾಯುತ್ತವೆ. ಬಳಿಕ ಚೀಲ ತುಂಬಿ ಮಳೆ ತಾಗದಂತೆ ಇರಿಸಿ. ಸೆಪ್ಟೆಂಬರ್‌ನಲ್ಲಿ ಮಣ್ಣು ಕಾಯಿಸಲು ನಮಗೆ ಬಿಸಿಲೆಲ್ಲಿ ಸಿಗುತ್ತದೆ?

ಸಸಿ ಬೆಳೆಸಲು ಪ್ಲಾಸ್ಟಿಕ್ ತಟ್ಟೆಯೇ ಆಗಬೇಕೆಂದಿಲ್ಲ. ಅಡಕೆ ಹಾಳೆಯ ಎರಡು ತುದಿಗಳನ್ನು ಮಡಿಚಿ ಕಟ್ಟಿದರೆ ದೋಣಿಯಾಗುತ್ತದೆ. ತಳಕ್ಕೆ ಏಳೆಂಟು ತೂತು ಕೊರೆಯಿರಿ. ತೆಂಗಿನ ಗೆರಟೆಯೂ ಆದೀತು; ಅದಕ್ಕೂ ತೂತು ಬೇಕು. ಇವನ್ನು ನೆಲಕ್ಕೆ ತಾಗಿಸದೆ ಬಿದಿರಿನ ತಟ್ಟಿಯ ಮೇಲೆ, ಪೂರ್ವದ ಬೆಳಕು ಬೀಳುವ ಸೂರಿನಡಿ ಇಡಿ. ಬೀಜಗಳನ್ನು ಅರ್ಧ ಸೆಂಟಿಮೀಟರ್ ಆಳದಲ್ಲಿ ಸಾಲಾಗಿ, ವಿರಳವಾಗಿ ಬಿತ್ತಿ. ಸಾಲಿನಿಂದ ಸಾಲಿಗೆ ಎರಡು ಮೂರು ಬೆರಳಿನಷ್ಟು ಅಂತರವಿರಲಿ.

ನಮ್ಮಲ್ಲಿ ಸಸಿಗಳು ಸಾಯುವುದು ಹೆಚ್ಚಾಗಿ ನೀರು ಸಾಲದೆ ಅಲ್ಲ, ನೀರು ಹೆಚ್ಚಾಗಿ. ಸಂಜೆ ನೆಟ್ಟಗೆ ನಿಂತಿದ್ದ ಸಸಿಗಳು ಬೆಳಗಾಗುವುದರೊಳಗೆ ಬುಡ ಕರಗಿ ಮಲಗಿರುವುದನ್ನು ನೀವೆಲ್ಲ ಕಂಡಿದ್ದೀರಿ. ನನ್ನ ಒಂದು ಇಡೀ ಮಡಿ ಹೀಗೆ ಎರಡೇ ರಾತ್ರಿಗಳಲ್ಲಿ ಹೋಯಿತು. ಸೊಂಪಾಗಲಿ ಎಂಬ ಆಸೆಯಿಂದ ಒತ್ತಾಗಿ ಬಿತ್ತಿ, ಅರೆಬರೆ ಕಳಿತ ಗೊಬ್ಬರ ಹಾಕಿ, ಹೊತ್ತು ಮುಳುಗುವಾಗ ನೀರು ಹೊಯ್ದಿದ್ದೆ. ಪಿತಿಯಂನಂತಹ ಮಣ್ಣಿನ ರೋಗಾಣುಗಳಿಗೆ ಬೇಕಾದುದೆಲ್ಲವನ್ನೂ ನಾನೇ ಒದಗಿಸಿದ್ದೆ. ಬೆಳಗಿನ ಹೊತ್ತು ಮಾತ್ರ, ಮೇಲ್ಮಣ್ಣು ಆರಿದೆಯೆಂದು ಬೆರಳಿಟ್ಟು ನೋಡಿದ ನಂತರವೇ ನೀರು ಕೊಡಿ. ಗಾಳಿಯಾಡಲಿ. ಗೊಬ್ಬರಕ್ಕೆ ಟ್ರೈಕೊಡರ್ಮ ಎಂಬ ಉಪಕಾರಿ ಶಿಲೀಂಧ್ರವನ್ನು ಬೆರೆಸಿದರೆ ಒಳ್ಳೆಯದು. ಸಸಿ ಸಣಕಲಾಗಿ ಉದ್ದಕ್ಕೆ ಬೆಳೆದರೆ ಅದಕ್ಕೆ ಬೆಳಕು ಸಾಲದೆಂದು ಅರ್ಥ; ಗೊಬ್ಬರ ಹಾಕದೆ ಜಾಗ ಬದಲಿಸಿ. ನಾಟಿಗೆ ಒಂದು ವಾರ ಮುಂಚೆ ನೀರನ್ನು ಕಡಿಮೆ ಮಾಡಿ ಬಿಸಿಲಿಗೆ ಒಗ್ಗಿಸಿ.

ನಾಟಿಗೆ ಸಂಜೆಯ ಹೊತ್ತು ಲೇಸು. ಏರುಮಡಿಯಲ್ಲಿ ಸಾಲಿನ ನಡುವೆ ಎರಡಡಿ, ಗಿಡದ ನಡುವೆ ಒಂದೂವರೆ ಅಡಿ ಬಿಡಿ. ಟೊಮೆಟೊ ಸಸಿಯನ್ನು ಕೆಳಗಿನ ಎಲೆಯವರೆಗೂ ಹೂಳಬಹುದು. ಹೂತ ಕಾಂಡದಿಂದಲೂ ಬೇರು ಹೊರಡುತ್ತದೆ. ಮೆಣಸಿನ ಸಸಿಯನ್ನು ಮಡಿಯಲ್ಲಿದ್ದಷ್ಟೇ ಆಳಕ್ಕೆ ನೆಡಿ.

ಗಿಡ ಹಸುರಾಗಿರುವಂತೆಯೇ ಬಾಡಿದರೆ ಬುಡದ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ಅದರ ತುದಿ ತಾಗುವಂತೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಹಾಲಿನೆಳೆಯಂತಹ ದ್ರವ ಇಳಿದರೆ ಅದು ರಾಲ್ಸ್ಟೋನಿಯಾ ಎಂಬ ದುಂಡಾಣುವಿನ ಸೊರಗು ರೋಗ. ಈ ಪರೀಕ್ಷೆಯನ್ನು ಶಾಲೆಯ ಮಕ್ಕಳೂ ಮಾಡಬಹುದು. ಅಂತಹ ಗಿಡವನ್ನು ಬೇರಿನ ಮಣ್ಣುಸಹಿತ ಕಿತ್ತು ದೂರಕ್ಕೆ ಒಯ್ಯಿರಿ. ಗೊಬ್ಬರದ ಗುಂಡಿಗೆ ಎಸೆಯಬೇಡಿ. ಆ ಜಾಗದಲ್ಲಿ ಕೆಲವು ವರ್ಷ ಜೋಳವನ್ನೋ ಅವರೆಯನ್ನೋ ಬೆಳೆಯಿರಿ, ಬದನೆಯ ಬಳಗ ಬೇಡ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಈ ರೋಗವನ್ನು ತಡೆದುಕೊಳ್ಳುವ ಅರ್ಕಾ ಆಭಾ, ಅರ್ಕಾ ಆಲೋಕ್ ಎಂಬ ಟೊಮೆಟೊ ತಳಿಗಳನ್ನು ಬಿಡುಗಡೆ ಮಾಡಿದೆ. ಇವುಗಳಿಂದ ನಾವೇ ಬೀಜ ಮಾಡಿಕೊಳ್ಳಬಹುದು. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಕೂಡ ರೋಗ ನಿರೋಧಕವೇ. ಆದರೆ ಅದು ಸಂಕರ ತಳಿಯಾದುದರಿಂದ ಅದರ ಬೀಜದಿಂದ ಹುಟ್ಟಿದ ಗಿಡಗಳು ತಾಯಿಯಂತೆ ಇರುವುದಿಲ್ಲ. ಯಾವುದನ್ನು ಬಿತ್ತುತ್ತಿದ್ದೇವೆಂದು ಅರಿತು ಬಿತ್ತಬೇಕು.

ಬೀಜ ಮಾಡುವ ಕ್ರಮ ಸರಳವಾಗಿದೆ. ಆರೋಗ್ಯವಂತ ಟೊಮೆಟೊ ಗಿಡವೊಂದಕ್ಕೆ ದಾರ ಕಟ್ಟಿ ಗುರುತಿಡಿ. ಅದರ ಪೂರ್ಣ ಹಣ್ಣಾದ ಕಾಯಿಗಳ ಬೀಜವನ್ನು ಲೋಳೆಯ ಸಹಿತ ಪಾತ್ರೆಗೆ ಹಿಂಡಿ ಒಂದೆರಡು ದಿನ ಹುಳಿಯಲು ಬಿಡಿ. ಮೊಳಕೆಯನ್ನು ತಡೆಯುವ ಲೋಳೆ ಕಳಚಿಕೊಳ್ಳುತ್ತದೆ. ತೊಳೆದಾಗ ತಳಕ್ಕಿಳಿಯುವ ಬೀಜ ಗಟ್ಟಿ, ತೇಲುವುದು ಜೊಳ್ಳು. ನೆರಳಿನಲ್ಲಿ ಒಣಗಿಸಿ. ಮೆಣಸನ್ನು ಗಿಡದಲ್ಲೇ ಕೆಂಪಾಗಲು ಬಿಟ್ಟು, ಒಣಗಿಸಿ, ಬೀಜ ಬಿಡಿಸಿದರೆ ಸಾಕು. ಒಂದು ಎಚ್ಚರಿಕೆಯಿದೆ. ಟೊಮೆಟೊ ಬಹುಮಟ್ಟಿಗೆ ತನ್ನ ಪರಾಗವನ್ನೇ ತಾನು ಬಳಸಿಕೊಳ್ಳುತ್ತದೆ. ಮೆಣಸಿನ ಹೂವಿಗೆ ಜೇನ್ನೊಣಗಳು ನೆರೆಯ ತಳಿಯ ಪರಾಗವನ್ನೂ ತರುತ್ತವೆ. ತಳಿ ಶುದ್ಧವಾಗಿರಬೇಕಾದರೆ ಹೂವರಳುವ ಮುನ್ನ ಒಂದು ಟೊಂಗೆಗೆ ತೆಳುಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ತೆಗೆದು ಗುರುತಿಡಿ. ಒಣಬೂದಿ ಬೆರೆಸಿ ಶೀಶೆಯಲ್ಲಿ ಮುಚ್ಚಿ, ಮೇಲೆ ವರ್ಷವನ್ನು ಬರೆದಿಡಿ. ಆ ವರ್ಷವನ್ನು ಬರೆಯದೆ ನಾವು ಕೆಟ್ಟೆವು.

ಬೀಜ ಉಳಿಸುವುದು ಬರಿಯ ಹವ್ಯಾಸವಲ್ಲ, ಹಕ್ಕೂ ಹೌದು. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯಿದೆಯು ರೈತರು ಬೀಜವನ್ನು ಉಳಿಸುವ, ಮತ್ತೆ ಬಿತ್ತುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು ಮಾನ್ಯ ಮಾಡಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡಿನ ಹೆಸರಿನಲ್ಲಿ ಮಾರುವಂತಿಲ್ಲ ಎಂಬುದೊಂದೇ ಇದಕ್ಕೆ ಮಿತಿ. ಆದರೆ ಬಿತ್ತದವನಿಗೆ ಕಾಯಿದೆ ಕೊಟ್ಟ ಹಕ್ಕಿನಿಂದ ಏನು ಪ್ರಯೋಜನ?

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಇಂದು ಇಲ್ಲಿಂದ ಒಯ್ಯುವ ಬೀಜಗಳಲ್ಲಿ ಇಪ್ಪತ್ತನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಎರಡು ವಾರಗಳಲ್ಲಿ ಎಷ್ಟು ಮೊಳೆತವೆಂದು ಬರೆದಿಡಿ. ಮುಂದಿನ ವರ್ಷ ಈ ಕೂಟಕ್ಕೆ ಬರುವಾಗ ಆ ಲೆಕ್ಕವನ್ನೂ, ಒಂದು ಹಿಡಿ ಹೊಸ ಬೀಜವನ್ನೂ ತನ್ನಿ.

ನಮ್ಮನೆ ಮೆಣಸು ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಇಪ್ಪತ್ತು ವರ್ಷಗಳ ಹಿಂದೆ ಘಟ್ಟದ ಕೆಳಗಿನ ಊರಿಗೆ ಮದುವೆಯಾಗಿ ಹೋದ ನನ್ನ ತಂಗಿ, ಅಮ್ಮ ಕೊಟ್ಟ ಬೀಜವನ್ನು ಅಲ್ಲಿ ಪ್ರತಿವರ್ಷವೂ ಬಿತ್ತುತ್ತಿದ್ದಳು. ಕಳೆದ ದೀಪಾವಳಿಗೆ ಬಂದಾಗ ಕಾಗದದ ಪೊಟ್ಟಣವೊಂದನ್ನು ತಂದುಕೊಟ್ಟಳು. ಕೊಟ್ಟಿದ್ದರಿಂದ ಉಳಿಯಿತು, ಕೊಡದೆ ಶೀಶೆಯಲ್ಲಿಟ್ಟದ್ದು ಸತ್ತಿತು. ಆ ಗಿಡಗಳ ಬೀಜವನ್ನು ಇಂದು ಮೂವತ್ತು ಪೊಟ್ಟಣಗಳಲ್ಲಿ ಕಟ್ಟಿ ತಂದಿದ್ದೇನೆ. ಬಾಗಿಲ ಬಳಿಯ ಮೇಜಿನ ಮೇಲಿವೆ; ದಯವಿಟ್ಟು ತೆಗೆದುಕೊಂಡು ಹೋಗಿ.