ಬೇಸಿಗೆ ರಜೆ ಮತ್ತು ತಂದೆತಾಯಿಯರ ಹೊಣೆ

(ತಪಸ್ಸುಕಾಲದ ಭಾನುವಾರವೊಂದರಂದು ದಿವ್ಯಬಲಿಪೂಜೆಯ ತರುವಾಯ, ಪ್ರಾಥಮಿಕ ಶಾಲಾ ಮಕ್ಕಳ ತಂದೆತಾಯಿಯರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಕಾಫಿ ಕೊಯ್ಲು ಮುಗಿಯುತ್ತ ಬಂದಿದೆ, ಹೂಮಳೆಯ ನಿರೀಕ್ಷೆಯಲ್ಲಿದ್ದೇವೆ. ಶಾಲೆಯಲ್ಲಿ ವಾರ್ಷಿಕ ಪರೀಕ್ಷೆಗಳು ಸಮೀಪಿಸಿವೆ. ಏಪ್ರಿಲ್ ತಿಂಗಳಲ್ಲಿ ಮುಚ್ಚುವ ಶಾಲೆಯ ಬಾಗಿಲು ಮತ್ತೆ ತೆರೆಯುವುದು ಮೇ ಅಂತ್ಯದ ಹೊತ್ತಿಗೆ. ಈ ನಡುವಿನ ದಿನಗಳಲ್ಲಿ ಮಕ್ಕಳು ಸಂಪೂರ್ಣವಾಗಿ ತಮ್ಮ ವಶದಲ್ಲಿರುತ್ತಾರೆ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಕ್ರೈಸ್ತ ಶಿಕ್ಷಣವನ್ನು ಕುರಿತು ಹೊರಡಿಸಿದ ಘೋಷಣೆಯಲ್ಲಿ, ಮಕ್ಕಳ ಮೊದಲ ಹಾಗೂ ಮುಖ್ಯ ಶಿಕ್ಷಕರು ತಂದೆತಾಯಿಯರೇ ಎಂಬುದಾಗಿ ಸ್ಪಷ್ಟಪಡಿಸಿದೆ. ಆ ಮಾತಿಗೆ ಬೇಸಿಗೆ ರಜೆಯೇ ಪರೀಕ್ಷೆಯ ಕಾಲ.

ಪಾಸ್ಖ ಹಬ್ಬವೂ ವಸಂತಕಾಲದ ಹಬ್ಬವೇ. ಆ ಹಬ್ಬ ಮುಗಿಸಿ ಜೆರುಸಲೇಮಿನಿಂದ ಹಿಂದಿರುಗುವಾಗಲೇ ಹನ್ನೆರಡು ವರ್ಷದ ಬಾಲ ಯೇಸು ಕಾಣೆಯಾದದ್ದು. ಮರಿಯಮ್ಮನವರೂ ಸಂತ ಜೋಸೆಫರೂ ಉದಾಸೀನರಾಗಿರಲಿಲ್ಲ. ಬಾಲಕನು ಬಂಧುಗಳ ಗುಂಪಿನಲ್ಲಿರುವನೆಂದು ನಂಬಿ ಒಂದು ದಿನದ ದಾರಿ ನಡೆದುಬಿಟ್ಟಿದ್ದರು. ಪವಿತ್ರ ಕುಟುಂಬಕ್ಕೇ ಹೀಗಾಯಿತೆಂದ ಮೇಲೆ ನಮ್ಮ ಪಾಡೇನು? ‘ಅಜ್ಜಿಯ ಮನೆಯಲ್ಲಿರಬಹುದು, ಅಣ್ಣನ ಜೊತೆಗಿರಬಹುದು’ ಎಂಬ ‘ಇರಬಹುದು’ಗಳನ್ನು ಈ ರಜೆಯಲ್ಲಿ ಬಿಟ್ಟುಬಿಡಿರೆಂದು ಬೇಡುತ್ತೇನೆ.

ಮೊದಲನೆಯದಾಗಿ, ಪ್ರಾಣದ ವಿಷಯ. ತೋಟದ ಕೆರೆಗಳಲ್ಲಿ ನೀರು ತಗ್ಗಿದಂತೆ ತೋರಿದರೂ ಅಡಿಯ ಕೆಸರು ಕಾಲನ್ನು ಹಿಡಿದುಬಿಡುತ್ತದೆ. ಈಜು ಬಲ್ಲ ಹಿರಿಯರಿಲ್ಲದೆ ಮಕ್ಕಳನ್ನು ನೀರಿಗೆ ಬಿಡಬಾರದು. ಒಬ್ಬನನ್ನು ಉಳಿಸಲು ಮತ್ತೊಬ್ಬನು ಧುಮುಕಿ ಇಬ್ಬರೂ ಹೋಗುವುದುಂಟು. ಆದುದರಿಂದ ಕೂಗಿ ಜನರನ್ನು ಕರೆಯಬೇಕು, ದಡದಿಂದಲೇ ಹಗ್ಗವನ್ನೋ ಬಿದಿರು ಗಳವನ್ನೋ ಚಾಚಬೇಕು ಎಂಬುದನ್ನು ಮಕ್ಕಳಿಗೆ ಮನೆಯಲ್ಲೇ ಕಲಿಸಿರಿ. ಐದಾರು ವರ್ಷದ ಮಕ್ಕಳಿಗೆ ಕೊಡುವ ಡಿಪಿಟಿ ಚುಚ್ಚುಮದ್ದು, ಹತ್ತು ವರ್ಷಕ್ಕೆ ಕೊಡುವ ಟಿಡಿ ಚುಚ್ಚುಮದ್ದು ಬಾಕಿಯಿದ್ದರೆ ಆರೋಗ್ಯ ಕೇಂದ್ರದಲ್ಲಿ ಹಾಕಿಸಿಕೊಳ್ಳಿರಿ.

ಎರಡನೆಯದಾಗಿ, ಕಾಗದಪತ್ರಗಳ ವಿಷಯ. ಶಾಲೆಗೆ ಸೇರಿಸಲು ಜ್ಞಾನಸ್ನಾನದ ಪತ್ರವನ್ನು ಕೇಳಿಕೊಂಡು ಇಂದಿಗೂ ಕೆಲವರು ನನ್ನಲ್ಲಿಗೆ ಬರುತ್ತಾರೆ. ಅದು ಸಂಸ್ಕಾರಕ್ಕೆ ಸಾಕ್ಷಿಯೇ ಹೊರತು ಸರ್ಕಾರಿ ದಾಖಲೆಯಲ್ಲ. 2023ರ ತಿದ್ದುಪಡಿ ಕಾಯಿದೆಯಂತೆ, ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಜನಿಸಿದ ಮಕ್ಕಳ ಶಾಲಾ ಪ್ರವೇಶಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ತಡವಾದಷ್ಟೂ ಅಲೆದಾಟ ಹೆಚ್ಚು.

ಮೂರನೆಯದು, ನನ್ನನ್ನು ಹೆಚ್ಚು ಕಾಡುವ ವಿಷಯ. ಕೊಯ್ಲು ಮುಗಿದೊಡನೆ ಕೆಲವು ಕುಟುಂಬಗಳು ಲೈನ್‌ಮನೆ ತೆರವು ಮಾಡಿ ಬೇರೆ ತೋಟಕ್ಕೆ ಹೊರಡುತ್ತವೆ. ಪಾತ್ರೆಪಗಡಗಳೆಲ್ಲ ಜೀಪಿಗೇರುತ್ತವೆ, ಮಗುವಿನ ವರ್ಗಾವಣೆ ಪತ್ರ ಮಾತ್ರ ಶಾಲೆಯಲ್ಲೇ ಉಳಿಯುತ್ತದೆ. ಜೂನ್ ತಿಂಗಳಲ್ಲಿ ಆ ಮಗು ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲ. ತಮ್ಮನನ್ನು ನೋಡಿಕೊಳ್ಳಲೆಂದು ಒಂದು ವರ್ಷ ನಿಂತ ಹುಡುಗಿ ಮುಂದೆ ಶಾಲೆಯ ಮೆಟ್ಟಿಲೇ ಹತ್ತುವುದಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣವನ್ನು ವಿಧಿಸಿದೆ. ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ಅದು ತಡವಾಯಿತೆಂಬ ಕಾರಣಕ್ಕೆ ಮತ್ತೊಂದು ಸರ್ಕಾರಿ ಶಾಲೆ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಆದುದರಿಂದ ಊರು ಬಿಡುವ ಮುನ್ನ ಶಾಲೆಗೆ ಹೋಗಿ ಬನ್ನಿರಿ. ಬರೆಯಲು ಬಾರದಿದ್ದರೆ ಧರ್ಮಕೇಂದ್ರಕ್ಕೆ ಬನ್ನಿರಿ, ಅರ್ಜಿಯನ್ನು ನಾವು ಬರೆದುಕೊಡುತ್ತೇವೆ.

ಹೂಮಳೆ ಬಿದ್ದು ಗಿಡ ಅರಳಿದ ಮಾತ್ರಕ್ಕೆ ಫಸಲು ಕೈಸೇರುವುದಿಲ್ಲವೆಂಬುದನ್ನು ತಾವು ಬಲ್ಲಿರಿ. ಕೆಲವು ವಾರಗಳಲ್ಲಿ ‘ಬ್ಯಾಕಿಂಗ್’ ಮಳೆಯೂ ಬಂದರೆ ಕಾಯಿ ನಿಲ್ಲುತ್ತದೆ. ಶಾಲೆ ಹೂಮಳೆಯಾದರೆ ಮನೆ ಆ ಎರಡನೆಯ ಮಳೆ. ದಿನಕ್ಕೆ ಅರ್ಧ ಗಂಟೆ ಮಗುವಿನಿಂದ ಗಟ್ಟಿಯಾಗಿ ಓದಿಸಿ ಕೇಳಿರಿ. ತಮಗೆ ಓದು ಬಾರದಿದ್ದರೂ ಕೇಳುವ ಕಿವಿ ಇದೆಯಲ್ಲವೇ?

ನಮ್ಮ ದೇವಾಲಯದ ಹಳೆಯ ವಿವಾಹ ದಾಖಲೆಯ ಪುಟಗಳಲ್ಲಿ ಹೆಬ್ಬೆಟ್ಟಿನ ಗುರುತುಗಳೇ ತುಂಬಿವೆ. ಈಚಿನ ಪುಟಗಳಲ್ಲಿ ಸಹಿಗಳಿವೆ. ಈ ನೂರು ವರ್ಷಗಳಲ್ಲಿ ದೇವರು ನಮಗೆ ದಯಪಾಲಿಸಿದ ವರಗಳಲ್ಲಿ ಇದೂ ಒಂದು. ನಮ್ಮಲ್ಲಿ ಯಾವ ಮಗುವೂ ಮತ್ತೆ ಹೆಬ್ಬೆಟ್ಟಿಗೆ ಮರಳದಿರಲಿ. ಜೂನ್ ತಿಂಗಳ ಮೊದಲ ಭಾನುವಾರ ಪ್ರತಿ ಮನೆಯ ಮಕ್ಕಳು ತಮ್ಮ ಪುಸ್ತಕಗಳನ್ನು ಆಶೀರ್ವಾದಕ್ಕಾಗಿ ಪೀಠದ ಮುಂದೆ ತರಲಿ. ಯಾರ ಮನೆಯ ಮಗು ಬರಲಿಲ್ಲವೋ ಆ ಮನೆಗೆ ನಾನೇ ಬರುವೆನು.

ಪವಿತ್ರ ಕುಟುಂಬದ ಕೃಪಾಶ್ರಯ ತಮ್ಮೆಲ್ಲರ ಮನೆಗಳ ಮೇಲಿರಲಿ.