ಬುರುಡೆಯಿಲ್ಲದ ಗಿಟಾರು

ನಮ್ಮ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ, ಸಂತ ಶರೀಫರ ಗದ್ದುಗೆಯ ಸನ್ನಿಧಿಯಲ್ಲಿ, ಏಕತಾರಿ ಹಿಡಿದು ತತ್ತ್ವಪದ ಹಾಡುವ ಹಿರಿಯರನ್ನು ನೀವು ಕಂಡಿರಬಹುದು. ಅವರ ಬೆರಳು ಮೀಟುವುದು ಒಂದೇ ತಂತಿಯನ್ನಾದರೂ, ನಮ್ಮ ಕಿವಿಯನ್ನು ತುಂಬುವುದು ಆ ತಂತಿಯ ಕೃಶವಾದ ದನಿಯಲ್ಲ. ಅದರ ಕಂಪನವನ್ನು ತನ್ನೊಡಲಿಗೆ ತೆಗೆದುಕೊಂಡು, ದುಂಡಗೆ ಮಾಡಿ, ಹೊರಗೆ ಕಳಿಸುವ ಸೋರೆಬುರುಡೆಯ ದನಿ. ಈ ಬುರುಡೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಕಂಪ್ಯೂಟರಿನೊಳಗೆ ಗಿಟಾರ್ ಆಂಪ್ಲಿಫೈಯರನ್ನು ಅನುಕರಿಸುವ ವಿದ್ಯೆ ಅರ್ಧ ತಿಳಿದಂತೆಯೇ ಸರಿ.

ಎಲೆಕ್ಟ್ರಿಕ್ ಗಿಟಾರಿಗೆ ಬುರುಡೆಯಿಲ್ಲ. ಅದರ ಒಡಲು ಸಾಮಾನ್ಯವಾಗಿ ಗಟ್ಟಿಮರ. ತಂತಿಯ ಅಡಿಯಲ್ಲಿರುವ ಅಯಸ್ಕಾಂತವೂ ಅದಕ್ಕೆ ಸುತ್ತಿದ ತಾಮ್ರದ ಎಳೆಯೂ ಸೇರಿ ಕಂಪನವನ್ನು ಅತ್ಯಲ್ಪ ವಿದ್ಯುತ್ತಾಗಿ ಮಾರ್ಪಡಿಸುತ್ತವೆ. ಆ ವಿದ್ಯುತ್ತಿಗೆ ಬಲವನ್ನೂ ಬಣ್ಣವನ್ನೂ ಕೊಡುವುದು ಆಂಪ್ಲಿಫೈಯರಿನ ವಾಲ್ವು ಎಂಬ ನಿರ್ವಾತ ನಳಿಕೆ. ಮೈಯನ್ನು ಕೊಡುವುದು 12 ಅಂಗುಲದ ಕಾಗದದ ಸ್ಪೀಕರು ಮತ್ತು ಅದನ್ನು ಹೊತ್ತ ಮರದ ಪೆಟ್ಟಿಗೆ. ಆ ಪೆಟ್ಟಿಗೆಯೇ ಗಿಟಾರಿನ ಬುರುಡೆ. ಸಾಫ್ಟ್‌ವೇರಿನಲ್ಲಿ ಸ್ಪೀಕರಿನ ಭಾಗವನ್ನು ಮಾತ್ರ ತೆಗೆದುಹಾಕಿ ಒಮ್ಮೆ ನುಡಿಸಿ ನೋಡಿ: ತಗಡಿನ ಡಬ್ಬಿಯಲ್ಲಿ ಸಿಕ್ಕಿಬಿದ್ದ ದುಂಬಿಯಂತೆ ನಾದ ಕಿರಿಗುಟ್ಟುತ್ತದೆ, ಏಕೆಂದರೆ ಗಿಟಾರಿನ ಸ್ಪೀಕರು ಸುಮಾರು 5,000 ಹರ್ಟ್ಸ್‌ನಿಂದಾಚೆಯ ಕರ್ಕಶ ಸ್ವರಗಳನ್ನು ಬಹುಮಟ್ಟಿಗೆ ತಡೆದು ನಿಲ್ಲಿಸುತ್ತಿತ್ತು.

ಇನ್ನು ಡಿಸ್ಟಾರ್ಶನ್. ಈ ಹೆಸರಿಗೆ ವಿಕೃತಿ ಎಂದರ್ಥವಾದುದರಿಂದ ನಮ್ಮ ಹಿರಿಯರು ಅದನ್ನು ಶಂಕೆಯಿಂದ ನೋಡುವುದುಂಟು. ಆದರೆ ಹಾನಗಲ್ಲಿನ ಹೆಸರನ್ನು ತಮ್ಮ ಹೆಸರಿನೊಡನೆ ಲೋಕಕ್ಕೆ ಕೊಂಡೊಯ್ದ ಗಾಯಕಿ ಗಂಗೂಬಾಯಿಯವರ ಬೆನ್ನ ಹಿಂದೆ ಮಿಡಿಯುತ್ತಿದ್ದ ತಂಬೂರಿಯನ್ನು ನೆನೆಯಿರಿ. ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ಒಂದು ನೂಲೆಳೆಯನ್ನು ಸರಿಸಿ ಜವಾರಿ ಕೂಡಿಸಿದಾಗ, ಒಂದು ಸ್ವರದೊಳಗಿಂದ ಎಷ್ಟು ಉಪಸ್ವರಗಳು ಅರಳುತ್ತವೆ! ವಾಲ್ವೂ ತನ್ನ ಶಕ್ತಿಗೆ ಮೀರಿದ ಅಲೆ ಬಂದಾಗ ಅದರ ಶಿಖರವನ್ನು ಚಪ್ಪಟೆಯಾಗಿಸಿ, ಮೂಲದಲ್ಲಿಲ್ಲದ ಉಪಸ್ವರಗಳನ್ನು ಹುಟ್ಟಿಸುತ್ತದೆ. ಮಾರ್ಗ ಬೇರೆ, ನಾದವನ್ನು ಶ್ರೀಮಂತಗೊಳಿಸುವ ಆಸೆ ಒಂದೇ ಎಂದು ನಾನು ತಿಳಿದಿದ್ದೇನೆ.

ಈ ವಿದ್ಯೆಯನ್ನು ಕಲಿಯತೊಡಗಿದ ಮೊದಲ ದಿನಗಳಲ್ಲಿ ನಾನು ಗಿಟಾರಿನ ಕೇಬಲ್ಲನ್ನು ನೇರವಾಗಿ ಲ್ಯಾಪ್‌ಟಾಪಿನ ಮೈಕಿನ ತೂತಿಗೆ ಸಿಕ್ಕಿಸಿ, ಜ್ವರದಿಂದೆದ್ದವನ ದನಿಯಂತಹ ನಾದ ಬಂದಾಗ ಗಿಟಾರನ್ನೇ ದೂರಿದ್ದೆ. ಗಿಟಾರಿನ ದುರ್ಬಲ ವಿದ್ಯುತ್ತಿಗೆ ಎದುರಿನಲ್ಲಿ ಸುಮಾರು 10 ಲಕ್ಷ ಓಮ್‌ಗಳ ಪ್ರತಿರೋಧವಿರಬೇಕು. ಮೈಕಿನ ತೂತಿನಲ್ಲಿ ಅದು ಕೆಲವೇ ಸಾವಿರವಾದ್ದರಿಂದ ನಾದದ ಮೇಲ್ಭಾಗವೆಲ್ಲ ಅಲ್ಲಿಯೇ ಸೋರಿಹೋಗುತ್ತದೆ. ಗಿಟಾರಿಗೆಂದೇ ಗುರುತಿಟ್ಟ ತೂತುಳ್ಳ ಒಂದು ಚಿಕ್ಕ ಆಡಿಯೊ ಇಂಟರ್‌ಫೇಸಿಗೆ ಹಣ ಹಾಕಿರಿ; ರೀಪರ್ ಮುಂತಾದ ರೆಕಾರ್ಡಿಂಗ್ ತಂತ್ರಾಂಶದೊಳಗೆ ಸೇರಿಸಿಕೊಳ್ಳಲು ನ್ಯೂರಲ್ ಆಂಪ್ ಮಾಡೆಲರ್ ಎಂಬ ಉತ್ತಮ ಅನುಕರಣ ಉಚಿತವಾಗಿಯೇ ದೊರೆಯುತ್ತದೆ. ಬೆರಳಿಗೂ ಕಿವಿಗೂ ನಡುವಿನ ವಿಳಂಬವನ್ನು ನಿರ್ಧರಿಸುವುದು ಬಫರ್, ಅಂದರೆ ಕಂಪ್ಯೂಟರು ಒಮ್ಮೆಗೆ ಎತ್ತಿಕೊಳ್ಳುವ ಮಾದರಿಗಳ ಕಂತು. ಸೆಕೆಂಡಿಗೆ 48,000 ಮಾದರಿಗಳ ವೇಗದಲ್ಲಿ 128ರ ಬಫರ್ ಎಂದರೆ ಒಂದು ದಿಕ್ಕಿಗೆ 2.7 ಮಿಲಿಸೆಕೆಂಡು, ಅಂದರೆ ಮೂರಡಿ ದೂರದ ಸ್ಪೀಕರಿನಿಂದ ದನಿ ಬಂದಷ್ಟು. 1,024 ಇಟ್ಟರೆ ಆ ಸ್ಪೀಕರು 24 ಅಡಿ ದೂರಕ್ಕೆ ಸರಿದಂತಾಗಿ, ತಾಳ ಕೈತಪ್ಪುತ್ತದೆ. ಅರ್ಥಿಂಗ್ ಸರಿಯಿಲ್ಲದ ಹಳೆಯ ಮನೆಗಳಲ್ಲಿ ‘ಝುಂ’ ಎಂದು ಕೇಳುವ ಗುಂಯ್‌ಗುಡುವಿಕೆ ಕರೆಂಟಿನ 50 ಹರ್ಟ್ಸ್‌ನದು. ನಾಯ್ಸ್ ಗೇಟಿನಿಂದ ಅದನ್ನು ಅಡಗಿಸುವ ಮೊದಲು ಅರ್ಥಿಂಗನ್ನು ಸರಿಪಡಿಸಿ, ಗಿಟಾರು ಹಿಡಿದು ಕುಳಿತ ದಿಕ್ಕನ್ನು ತುಸು ತಿರುಗಿಸಿ ನೋಡಿರಿ.

ಎಫೆಕ್ಟುಗಳ ಅನುಕ್ರಮ ಸಾಮಾನ್ಯವಾಗಿ ಡ್ರೈವ್, ಆಂಪ್, ಸ್ಪೀಕರ್, ಕೊನೆಗೆ ಪ್ರತಿಧ್ವನಿಯ ಡಿಲೇ ಮತ್ತು ಅನುರಣನದ ರಿವರ್ಬ್. ನನ್ನ ದೃಢವಾದ ಅಭಿಪ್ರಾಯ ಇಷ್ಟು: ಗೇನನ್ನು, ಅಂದರೆ ಡಿಸ್ಟಾರ್ಶನ್ನಿನ ಪ್ರಮಾಣವನ್ನು, ನಿಮಗೆ ಬೇಕೆನಿಸಿದ್ದರ ಅರ್ಧಕ್ಕೆ ಇಳಿಸಿರಿ. 2008ರಲ್ಲಿ ಹೊರಬಂದ ಗಾಯಕ ರಘು ದೀಕ್ಷಿತರ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಪದಗಳು ಗಿಟಾರಿನೊಡನೆ ಮೊಳಗಿದುವು. ಅಲ್ಲಿ ವಾದ್ಯಗಳು ಎಷ್ಟು ಉಬ್ಬಿದರೂ ಪದದ ಮಾತು ಮುಳುಗಲಿಲ್ಲ. ಹಿರೇಕೆರೂರಿನಲ್ಲಾಗಲಿ ಸವಣೂರಿನಲ್ಲಾಗಲಿ ರಾತ್ರಿ ಮನೆಮಂದಿಯ ನಿದ್ದೆ ಕೆಡಿಸದೆ ಹೆಡ್‌ಫೋನು ಹಾಕಿಕೊಂಡು ತತ್ತ್ವಪದಕ್ಕೆ ಗಿಟಾರು ಹೊಂದಿಸುತ್ತಿರುವ ತರುಣರು, ಎಫೆಕ್ಟಿಲ್ಲದ ಒಣ ನಾದವನ್ನೇ ರೆಕಾರ್ಡ್ ಮಾಡಿ ಕಾಪಾಡಿಕೊಳ್ಳಬೇಕು. ಬಣ್ಣವನ್ನು ನಾಳೆ ಬದಲಿಸಬಹುದು, ಬಣ್ಣದೊಡನೆಯೇ ಅಚ್ಚಾದ ನಾದವನ್ನು ತೊಳೆಯಲಾಗದು.

ಕೊನೆಗೊಂದು ಪ್ರಯೋಗ. ಸ್ಪೀಕರ್ ಪೆಟ್ಟಿಗೆ ಒಂದು ಕ್ಷಣಿಕ ಸದ್ದಿಗೆ ಹೇಗೆ ಮರುನುಡಿಯುತ್ತದೆ ಎಂಬುದರ ದಾಖಲೆಗೆ ಇಂಪಲ್ಸ್ ರೆಸ್ಪಾನ್ಸ್ ಎನ್ನುತ್ತಾರೆ. ಗಣಿತದ ಮೂಲಕ ಅದನ್ನು ಯಾವ ನಾದಕ್ಕೂ ತೊಡಿಸಬಹುದು. ಪೆಟ್ಟಿಗೆಗೆ ಸಲ್ಲುವುದು ಮಂಟಪಕ್ಕೂ ಸಲ್ಲುತ್ತದೆ. ಹಾನಗಲ್ಲಿನ ತಾರಕೇಶ್ವರ ದೇಗುಲದಲ್ಲಿ, ಕಲ್ಲಿನ ಕಮಲ ಕೆಳಮುಖವಾಗಿ ಅರಳಿದ ಆ ಛತ್ತಿನ ಕೆಳಗೆ, ಸಂಬಂಧಪಟ್ಟವರ ಅನುಮತಿ ಪಡೆದು, ಜನರಿಲ್ಲದ ಬೆಳಗಿನಲ್ಲಿ ಒಂದೇ ಒಂದು ಚಪ್ಪಾಳೆ ತಟ್ಟಿ, ಅದರ ಅನುರಣನ ಪೂರ್ತಿ ಅಡಗುವವರೆಗೆ ಉಸಿರು ಬಿಗಿಹಿಡಿದು ರೆಕಾರ್ಡ್ ಮಾಡಿರಿ. ಆ ಫೈಲನ್ನು, ಈ ಗಣಿತವನ್ನು ಮಾಡುವ ಕನ್ವಲ್ಯೂಶನ್ ರಿವರ್ಬಿಗೆ ಕೊಟ್ಟು, ನಿಮ್ಮ ಒಣ ಗಿಟಾರನ್ನು ಅದರ ಮೂಲಕ ಹಾಯಿಸಿರಿ. ಚಪ್ಪಾಳೆ ಶುದ್ಧವಾದ ಕ್ಷಣಿಕ ಸದ್ದಲ್ಲವಾದುದರಿಂದ ಫಲ ಸ್ವಲ್ಪ ಮಸುಕಾಗಿರುತ್ತದೆ. ಆದರೂ ನಿಮ್ಮ ತಂತಿಯ ಹಿಂದೆ ಆ ಕಲ್ಲುಗಂಬಗಳು ಮರುನುಡಿಯುವುದನ್ನು ನೀವು ಕೇಳುವಿರಿ.