ಹಿರಿಯರ ಬಲಕ್ಕೂ ಒಂದು ಅಳತೆ ಬೇಕು

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಹಿರಿಯ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ನಾನು ಎಸ್ಸೆಸ್ಸೆಲ್ಸಿ ಓದಿದ ರೈತ, ಭಾಷಣ ಮಾಡಿ ಅಭ್ಯಾಸ ಇಲ್ಲ. ಹಿರಿಯರ ಬಗ್ಗೆ ನಾಲ್ಕು ಮಾತು ಆಡು ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಹಿರಿಯರು ದೇವರ ಸಮಾನ ಅಂತ ಹೇಳಿ, ಶಾಲು ಹೊದಿಸಿ ಕೂರಿಸೋದು ಸುಲಭ. ನಾನು ಹೇಳಬೇಕೆಂದಿರುವುದು ಅಳತೆಯ ವಿಷಯ.

ನಮ್ಮ ಸಂಘ ನಡೆಯುವುದೇ ಅಳತೆಯ ಮೇಲೆ. ಬೆಳಗ್ಗೆ, ಸಂಜೆ ಎಷ್ಟು ಲೀಟರು, ಫ್ಯಾಟು ಎಷ್ಟು, ಡಿಗ್ರಿ ಎಷ್ಟು ಎಂದು ನೋಡಿಯೇ ದುಡ್ಡು. ಕಣ್ಣಲ್ಲಿ ನೋಡಿ 'ಹಾಲು ತೆಳು' ಅಂದರೆ ಯಾರೂ ಒಪ್ಪೋದಿಲ್ಲ. ಮನೆಯ ಹಿರಿಯರನ್ನು ಮಾತ್ರ ಕಣ್ಣಂದಾಜಿನಲ್ಲೇ ಅಳೆದುಬಿಡುತ್ತೇವೆ. ಮಂಡಿ ನೋವು, ಕಣ್ಣಿಗೆ ಪೊರೆ, ಕಿವಿ ಮಂದ, ಸಹಿ ಬಾರದು. ಅಲ್ಲಿಗೆ ಲೆಕ್ಕ ಮುಗಿಯಿತು. ಈ ಲೆಕ್ಕದ ಮೇಲೆಯೇ 'ಅವ್ವನ ಹೆಸರು ತೆಗೆದು ನನ್ನ ಹೆಸರಿಗೆ ಮಾಡಿ' ಅನ್ನೋ ಅರ್ಜಿ ಸಂಘಕ್ಕೆ ಬರುತ್ತವೆ. ಹೆಸರು ಹೋದರೆ ಬಟವಾಡೆ ದುಡ್ಡೂ ಹೋಯಿತು. ಕೊಟ್ಟಿಗೆ ಕೆಲಸ ಮಾತ್ರ ಅವ್ವನಿಗೇ ಉಳಿಯುತ್ತದೆ. ಕೆಲವರು ನಗ್ತಾ ಇದ್ದೀರಿ, ಹೆಸರು ಹೇಳೋದಿಲ್ಲ.

ಸುಳ್ಳು ಅಳತೆ ಅಂದರೆ ಏನೆಂದು ನಮ್ಮ ಸೀಮೆಗೆ ಹೊಸದಾಗಿ ಹೇಳಬೇಕಾಗಿಲ್ಲ. 1951ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದಕ್ಕೆ ಒಂದು ಕಾರಣ ಗೇಣಿ ಭತ್ತ ಅಳೆಯುವ ಕೊಳಗ. ಧಣಿಗಳ ಕೊಳಗ ದೊಡ್ಡದಿತ್ತು. ಎಚ್. ಗಣಪತಿಯಪ್ಪನವರು ಸಂಘಟನೆ ಮಾಡಿದರು, ರಾಮಮನೋಹರ ಲೋಹಿಯಾ ಅವರು ಬಂದು ಸೆರೆಯಾದರು. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೆ ಮಂಗನ ಕಾಯಿಲೆ ಬಂತು. 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಾಗ 7ನೇ ನಮೂನೆಯ ಡಿಕ್ಲರೇಷನ್ ಹಾಕಿ ನ್ಯಾಯಮಂಡಳಿ ಮುಂದೆ ನಿಲ್ಲಬೇಕಾಯಿತು. ಇವತ್ತು ಎಂಬತ್ತರ ಆಸುಪಾಸಿನಲ್ಲಿ ಇರುವವರು ಇಂಥ ಕಾಲವನ್ನು ದಾಟಿ ಬಂದವರು. ದಾಟಿಸಿದ ಬಲ ಯಾವುದು? ಅದನ್ನು ಅಳೆಯಲು ಬರುತ್ತದೆಯೆ?

ಬರುತ್ತದೆ ಎಂದು ನರ್ಸಿಂಗ್ ಓದುವ ನನ್ನ ಅಕ್ಕನ ಮಗಳು ಹೇಳಿದಳು. ಅಮೆರಿಕದಲ್ಲಿ ಗೇಲ್ ವಾಗ್ನಿಲ್ಡ್, ಹೆದರ್ ಯಂಗ್ ಎಂಬ ಇಬ್ಬರು ನರ್ಸಿಂಗ್ ವಿದ್ವಾಂಸೆಯರು, ಬದುಕಿನಲ್ಲಿ ದೊಡ್ಡ ಪೆಟ್ಟು ತಿಂದೂ ಚೇತರಿಸಿಕೊಂಡ 24 ಜನ ವಯಸ್ಸಾದ ಹೆಂಗಸರನ್ನು ಮಾತಾಡಿಸಿದರು. ಆ ಮಾತುಗಳಿಂದ ಐದು ಬಲ ಹೆಕ್ಕಿದರು. ಏನೇ ಬಂದರೂ ಸಮಾಧಾನ ಕೆಡದಿರುವುದು, ಹಿಡಿದದ್ದನ್ನು ಬಿಡದಿರುವುದು, ತನ್ನ ಮೇಲೆ ತನಗೆ ನಂಬಿಕೆ, ಬದುಕಿಗೆ ಅರ್ಥ ಇದೆಯೆನ್ನುವ ಭಾವ, ತನ್ನ ದಾರಿಯನ್ನು ತಾನೇ ನಡೆಯಬೇಕೆಂಬ ಅರಿವು. ಇದರ ಮೇಲೆ 25 ವಾಕ್ಯ ಮಾಡಿ, ಒಂದೊಂದಕ್ಕೆ 1ರಿಂದ 7ರವರೆಗೆ ಅಂಕ ಇಟ್ಟರು. ಕಡಿಮೆ ಎಂದರೆ 25, ಹೆಚ್ಚೆಂದರೆ 175. ಇದನ್ನು 810 ಜನರಲ್ಲಿ ನೋಡಿ, 1993ರಲ್ಲಿ ಪ್ರಕಟಿಸಿದರು. ಪಟ್ಟಿಯನ್ನು ತಾವೇ ಕೂತು ಬರೆಯದೆ ಮುದುಕಿಯರನ್ನು ಕೇಳಿ ಮಾಡಿದರಲ್ಲ, ಅದು ನನಗೆ ಹಿಡಿಸಿತು.

ನಮ್ಮ ಊರಿನ ದೊಡ್ಡವ್ವ ಒಬ್ಬರನ್ನು ಇದೇ ಥರ ಕೇಳಿ ನೋಡಿದೆ. ಗಂಡ ತೀರಿಕೊಂಡ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಗದ್ದೆ ಉಳಿಸಿಕೊಂಡವರು. ಓದು ಬರದವರಿಗೆ ಏಳು ಅಂಕ ಅಂದರೆ ಏನು ತಿಳಿಯಬೇಕು? ತಟ್ಟೆಯಲ್ಲಿ ಏಳು ಅಡಿಕೆ ಇಟ್ಟೆ. 'ದೊಡ್ಡವ್ವ, ಹಿಡಿದ ಕೆಲಸ ಬಿಡದೆ ಮುಗಿಸ್ತೀರಾ? ಎಷ್ಟು ನಿಜವೋ ಅಷ್ಟು ಅಡಿಕೆ ತೆಗೀರಿ' ಅಂದೆ. ಏಳನ್ನೂ ಬಾಚಿಕೊಂಡರು. 'ಯಾರ ಹಂಗಿಲ್ಲದೆ ಒಬ್ಬರೇ ನಿಭಾಯಿಸ್ತೀರಾ?' ಅಂದಾಗ ಎರಡೇ ತೆಗೆದರು. 'ಒಬ್ಬಳೇ ಎಲ್ಲಿ ಮಾಡ್ದೆ ತಮ್ಮಾ? ಮುಯ್ಯಾಳು ಬಂದ್ರು, ನಾನೂ ಹೋದೆ. ಹಂಗಾಗಿ ನೆಟ್ಟಿ ಆಯ್ತು' ಅಂದರು.

ಅಮೆರಿಕದ ಲೆಕ್ಕದಲ್ಲಿ ಅಲ್ಲಿ ಅವರಿಗೆ ಐದು ಅಂಕ ಹೋಯಿತು. ನಮ್ಮ ಲೆಕ್ಕದಲ್ಲಿ ಅದೇ ಅವರ ದೊಡ್ಡ ಬಲ. ನಾಲ್ಕು ಮನೆಗೆ ದುಡಿದು ನಾಲ್ಕು ಮನೆಯ ಆಳನ್ನು ತನ್ನ ಗದ್ದೆಗೆ ಕರೆಯಬಲ್ಲವರು ಎಂದರೆ ಸಣ್ಣ ಮಾತಲ್ಲ. ಸಹಕಾರ ಸಂಘ ಅನ್ನೋದು ಇದಲ್ಲದೆ ಮತ್ತೇನು? ಆದ್ದರಿಂದ ಪರದೇಶದ ಕೊಳಗವನ್ನು ಹಾಗೇ ತಂದು ಅಳೆದರೆ ಅದೂ ಸುಳ್ಳು ಅಳತೆಯೇ. ಇನ್ನೊಂದು, ನಮ್ಮ ಹಿರಿಯರು ತಮ್ಮನ್ನು ತಾವು ಹೊಗಳಿಕೊಳ್ಳೋದಿಲ್ಲ. 'ನಂಗೆಲ್ಲಿ ಬಲ' ಅಂತಲೇ ಶುರು ಮಾಡುತ್ತಾರೆ. ಅವರ ಜೊತೆ ದುಡಿದವರನ್ನೂ ಕೇಳಬೇಕಾಗುತ್ತದೆ.

ಒಂದು ಸಲ ಅಳೆದರೆ ಸಾಲದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದವರ ನೆನಪು, ಆರೋಗ್ಯವನ್ನು ಮತ್ತೆ ಮತ್ತೆ ನೋಡುತ್ತಿದ್ದಾರೆ. ಜೊತೆಗಾರರು ಹೋದ ವರ್ಷ ಬಲ ಇಳಿದಿರಬಹುದು, ಮಾರನೇ ವರ್ಷ ಏರಬಹುದು. ಇಳಿದವರು ಫೇಲಾದರು ಎಂದಲ್ಲ, ಆ ಮನೆಗೆ ನಾವು ಹೋಗಬೇಕು ಎಂದು ಅರ್ಥ.

ಆಡಳಿತ ಮಂಡಳಿಯ ಮುಂದೆ ನನ್ನದೊಂದು ಕೋರಿಕೆ. ಹಿರಿಯರ ಹೆಸರು ಬದಲಿಸುವ ಅರ್ಜಿ ಬಂದರೆ, ಹೆಬ್ಬೆಟ್ಟು ಒತ್ತಿಸುವ ಮೊದಲು ಒಬ್ಬ ನಿರ್ದೇಶಕರು, ಕಾರ್ಯದರ್ಶಿಗಳು ಮನೆಗೆ ಹೋಗಲಿ. ಮಗ, ಸೊಸೆ ಅರ್ಧ ಗಂಟೆ ಹೊರಗಿರಲಿ. ಯಾವ ದನ ಯಾವಾಗ ಗಬ್ಬ, ಮೇವು ಎಷ್ಟು ದಿನಕ್ಕೆ, ಬಟವಾಡೆ ದುಡ್ಡಿನಲ್ಲಿ ಏನು ಮಾಡುತ್ತೀರಿ, ಕಷ್ಟಕ್ಕೆ ಯಾರು ಬರುತ್ತಾರೆ, ನೀವು ಯಾರಿಗೆ ಹೋಗುತ್ತೀರಿ ಎಂದು ಕೇಳಲಿ. ಹೆಸರು ಬಿಡುವುದು ಅವರಿಗೇ ಇಷ್ಟವಿದ್ದರೆ ಬಿಡಲಿ. ಇಲ್ಲವಾದರೆ ಅರ್ಜಿ ವಾಪಸ್ಸು.

ಈಗ ಕಚೇರಿಯಲ್ಲಿ ಇಂಥ ಮೂರು ಅರ್ಜಿ ಇವೆ. ಭಾನುವಾರ ಬೆಳಗಿನ ಹಾಲು ಮುಗಿದ ಮೇಲೆ ಮೊದಲನೇ ಮನೆಗೆ ಹೋಗೋಣ. ಅಡಿಕೆ ನಾನು ತರ್ತೀನಿ.